ಆಟದ ಕಾರು ಓಡದೆ ನಿಂತಾಗ

ರೇಡಿಯೋ ಅಲೆಗಳ ಮೂಲಕ ದೂರದಿಂದಲೇ ನಡೆಯಿಸಬಹುದಾದ ಆಟದ ಕಾರುಗಳು ಈಗ ಅನೇಕ ಮನೆಗಳನ್ನು ಹೊಕ್ಕಿವೆ. ಇವುಗಳಲ್ಲಿ ಅಗ್ಗದ ಆಟಿಕೆಗಳನ್ನು ಬಿಟ್ಟು, ಬಿಡಿಭಾಗಗಳನ್ನು ಕಳಚಿ ಜೋಡಿಸಬಹುದಾದ ಕಾರುಗಳ ವಿಷಯವನ್ನು ಮಾತ್ರ ಇಲ್ಲಿ ವಿಚಾರಿಸುವೆವು. ಜಪಾನಿನ ತಮಿಯಾ ಸಂಸ್ಥೆಯವರು ೧೯೭೬ರಲ್ಲಿ ತಮ್ಮ ಮೊದಲನೆಯ ರೇಡಿಯೋ ಕಾರನ್ನು ಹೊರಡಿಸಿದರು. ಅಲ್ಲಿಂದೀಚೆಗೆ ಈ ವಿನೋದವು ದೇಶದೇಶಗಳಿಗೆ ಹಬ್ಬುತ್ತ ಬಂದಿರುವುದು. ಇಂತಹ ಕಾರು ಬೆಲೆಯುಳ್ಳ ವಸ್ತು. ಹುಡುಗನು ತಿಂಗಳುಗಟ್ಟಲೆ ಕೂಡಿಟ್ಟ ಹಣವೋ, ತಾಯಿತಂದೆಗಳು ಮನೆಯ ವೆಚ್ಚವನ್ನು ಹಿಡಿತಮಾಡಿ ಕೊಟ್ಟ ಉಡುಗೊರೆಯೋ ಅದರಲ್ಲಿ ಅಡಗಿರುವುದು. ಅದು ಒಂದು ದಿನ ಹೊಗೆಯಾಡಿ ನಿಂತಿತೆಂದರೆ ಹುಡುಗನಿಗೆ ಬೈಗುಳ, ಮನೆಯವರಿಗೆ ನಷ್ಟ. ಕೆಲವು ವೇಳೆ ಬೆಂಕಿಯ ಭಯವೂ ಉಂಟು. ವಿಚಾರಿಸಿ ನೋಡಿದರೆ, ಎಷ್ಟೋ ಸಂದರ್ಭಗಳಲ್ಲಿ ಒಂದಕ್ಕೊಂದು ಹೊಂದದ ಎರಡು ಭಾಗಗಳನ್ನು ಕೂಡಿಸಿದುದೇ ಈ ಅನರ್ಥಕ್ಕೆ ಕಾರಣವೆಂದು ತಿಳಿದುಬರುವುದು.

ಆ ಎರಡು ಭಾಗಗಳು ಮೋಟಾರು ಮತ್ತು ಸ್ಪೀಡ್ ಕಂಟ್ರೋಲರ್. ಎರಡನೆಯದನ್ನು ಬಲ್ಲವರು ಇ.ಎಸ್.ಸಿ. ಎಂದು ಕರೆಯುವರು; ನಾವು ನಿಯಾಮಕವೆಂದು ಕರೆಯೋಣ. ಹಿಂದಿನ ಕಾರುಗಳಲ್ಲಿ ಒಂದು ತಂತಿಯ ಸುರುಳಿಯನ್ನು ಅಡ್ಡವಿಟ್ಟು ವಿದ್ಯುತ್ತನ್ನು ತಡೆದು ವೇಗವನ್ನು ತಗ್ಗಿಸುತ್ತಿದ್ದರು; ತಡೆದ ಶಕ್ತಿಯೆಲ್ಲ ಬರಿಯ ಕಾವಾಗಿ ಹೋಗುತ್ತಿತ್ತು. ಈಗಿನ ನಿಯಾಮಕದೊಳಗೆ ಟ್ರಾನ್ಸಿಸ್ಟರುಗಳಿವೆ. ಅವು ಸೆಕೆಂಡಿಗೆ ಸಾವಿರ ಸಲವೋ ಇನ್ನೂ ಹೆಚ್ಚಾಗಿಯೋ ವಿದ್ಯುತ್ತನ್ನು ಹರಿಯಗೊಟ್ಟು ನಿಲ್ಲಿಸುತ್ತ, ಮೋಟಾರಿಗೆ ಬೇಕಾದಷ್ಟನ್ನೇ ಅಳೆದು ಕೊಡುವುವು. ಆದರೆ ತಮ್ಮ ಶಕ್ತಿಗೆ ಮೀರಿದ ಪ್ರವಾಹವು ಹರಿದರೆ ಅವು ಕಾದು ಸುಟ್ಟುಹೋಗುವುವು.

ಮೊದಲು ತಿಳಿಯತಕ್ಕುದು ಮೋಟಾರಿನ ಜಾತಿ. ಮನೆಯ ಮಿಕ್ಸಿಯ ಮೋಟಾರಿನಲ್ಲಿ ಸವೆಯುವ ಕಾರ್ಬನ್ ತುಂಡುಗಳಿರುವಂತೆ ಒಂದು ಜಾತಿಯ ಕಾರಿನ ಮೋಟಾರಿನಲ್ಲಿಯೂ ಇವೆ. ಇದಕ್ಕೆ ಬ್ರಷ್ ಮೋಟಾರೆಂದು ಹೆಸರು, ತಂತಿಗಳು ಎರಡು. ಕಾರ್ಬನ್ ಇಲ್ಲದ ಬ್ರಷ್‌ಲೆಸ್ ಮೋಟಾರಿಗೆ ದಪ್ಪ ತಂತಿಗಳು ಮೂರು. ಎರಡು ತಂತಿಯದಕ್ಕೆ ಎರಡು ತಂತಿಯ ನಿಯಾಮಕವೂ, ಮೂರಕ್ಕೆ ಮೂರರದೂ ಬೇಕು. ಎರಡನ್ನೂ ನಡೆಯಿಸಬಲ್ಲ ನಿಯಾಮಕಗಳು ಕೆಲವುಂಟು. ಹಾಗೆಂದು ಅದರ ಕೈಪಿಡಿಯಲ್ಲಿ ಬರೆದಿದ್ದ ಹೊರತು ನಂಬಕೂಡದು.

ಜಾತಿಯು ಹೊಂದಿದ ಮೇಲೆ ಬಲವನ್ನು ನೋಡಬೇಕು. ಬ್ರಷ್ ಮೋಟಾರಿನ ಬಲವನ್ನು ಅದರೊಳಗಿನ ತಂತಿಯ ಸುತ್ತುಗಳಿಂದ ಹೇಳುವುದು ವಾಡಿಕೆ. ಇಲ್ಲಿ ಹೊಸಬರು ಮೋಸಹೋಗುವರು. ಏಕೆಂದರೆ ಸುತ್ತುಗಳು ಕಡಮೆಯಾದಷ್ಟೂ ವೇಗವೂ ಪ್ರವಾಹವೂ ಹೆಚ್ಚು. ಒಂದು ಉದಾಹರಣೆಯನ್ನು ತೆಗೆದುಕೊಳ್ಳುವ. ಹಾಬಿವಿಂಗ್ ಸಂಸ್ಥೆಯ ಕ್ವಿಕ್‌ರನ್ ೧೦೬೦ ಎಂಬ ನಿಯಾಮಕವು ಬಹಳ ಬಳಕೆಯಲ್ಲಿರುವುದು. ೫೪೦ ಎಂಬ ಅಳತೆಯ ಮೋಟಾರಿನೊಡನೆ, ಎರಡು ಕೋಶದ ಲಿಪೋ ಬ್ಯಾಟರಿಯಾದರೆ ೧೨ ಸುತ್ತುಗಳಿಗಿಂತ ಕಡಮೆಯಾಗಕೂಡದೆಂದೂ, ಮೂರು ಕೋಶದ್ದಾದರೆ ೧೮ಕ್ಕಿಂತ ಕಡಮೆಯಾಗಕೂಡದೆಂದೂ ಅದರ ವಿಧಿ. ೨೭ ಸುತ್ತಿನ ಸಾಧಾರಣ ಮೋಟಾರಿಗೆ ಇದು ಧಾರಾಳವಾಗಿ ಸಾಕು. ಹುಡುಗನು ವೇಗದ ಆಸೆಯಿಂದ ೧೦ ಸುತ್ತಿನ ಮೋಟಾರನ್ನು ತಂದು ಕೂಡಿಸಿದನೆನ್ನೋಣ. ಕಾರು ಮೊದಲು ಬಾಣದಂತೆ ಓಡುವುದು. ಕೆಲವು ನಿಮಿಷಗಳಲ್ಲಿ ನಿಲ್ಲುವುದು. ತಣಿದ ಮೇಲೆ ಮತ್ತೆ ಓಡುವುದು. ಬ್ಯಾಟರಿಯು ಕೆಟ್ಟಿತೆಂದು ಭಾವಿಸಿ ಹೊಸದನ್ನು ಕೊಂಡರೆ ಆ ಹಣವೂ ವ್ಯರ್ಥ; ಕೊನೆಗೆ ನಿಯಾಮಕವೂ ಸುಡುವುದು. ೧೫ ಸುತ್ತಿನ ಮೋಟಾರು ಎರಡು ಕೋಶದೊಡನೆ ಸುಖವಾಗಿರುವುದಾದರೂ ಮೂರು ಕೋಶದೊಡನೆ ಸಲ್ಲದೆಂಬುದನ್ನೂ ವಾಚಕರು ಗಮನಿಸಬೇಕು.

ಬ್ರಷ್‌ಲೆಸ್ ಮೋಟಾರಿನ ಮೇಲೆ ಕೆ.ವಿ. ಎಂಬ ಅಂಕಿಯಿರುವುದು. ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷದಲ್ಲಿ ಎಷ್ಟು ಸುತ್ತು ತಿರುಗುವುದೆಂಬುದೇ ಅದರ ಅರ್ಥ. ೩೩೦೦ ಕೆ.ವಿ. ಮೋಟಾರು ೭.೪ ವೋಲ್ಟಿನಲ್ಲಿ ೨೪,೪೨೦ ಸುತ್ತೂ, ೧೧.೧ ವೋಲ್ಟಿನಲ್ಲಿ ೩೬,೬೩೦ ಸುತ್ತೂ ತಿರುಗುವ ಲೆಕ್ಕ. ನಿಯಾಮಕದ ಮಿತಿಯನ್ನು ಈ ಲೆಕ್ಕದೊಡನೆ ಹೋಲಿಸಿ ನೋಡಬೇಕು. ಮೋಟಾರಿನ ತುದಿಯ ಚಿಕ್ಕ ಹಲ್ಲುಗಾಲಿಯು ದೊಡ್ಡದಾದಷ್ಟೂ ಮೋಟಾರಿಗೆ ಭಾರ ಹೆಚ್ಚು. ಆದುದರಿಂದ ವೇಗದ ಮೋಟಾರನ್ನು ಹಾಕಿದವರು ಆ ಗಾಲಿಯನ್ನು ಚಿಕ್ಕದು ಮಾಡಬೇಕು.

ಇನ್ನು ನಿಂತ ಕಾರಿನ ಪರೀಕ್ಷೆ. ಮೊದಲು ಬ್ಯಾಟರಿಯನ್ನು ಕಳಚಿ ಗಾಲಿಗಳನ್ನು ಕೈಯಿಂದ ತಿರುಗಿಸಿ ನೋಡತಕ್ಕುದು. ಬಿಗಿಯಾಗಿದ್ದರೆ ಹಲ್ಲುಗಳ ನಡುವೆ ಕಲ್ಲು ಸಿಕ್ಕಿರಬಹುದು. ತಿರುಗಲಾರದ ಮೋಟಾರೇ ಎಲ್ಲಕ್ಕಿಂತ ಹೆಚ್ಚು ಪ್ರವಾಹವನ್ನು ಎಳೆಯುವುದು. ಆಮೇಲೆ ಗಾಲಿಗಳು ನೆಲಕ್ಕೆ ತಾಗದಂತೆ ಕಾರನ್ನು ಪೆಟ್ಟಿಗೆಯ ಮೇಲಿಟ್ಟು, ಮೊದಲು ಕೈಯ ರಿಮೋಟನ್ನೂ ಅನಂತರ ಕಾರನ್ನೂ ಚಾಲೂ ಮಾಡಬೇಕು. ಮುಂಗಾಲಿಗಳು ಎಡಬಲಕ್ಕೆ ತಿರುಗಿ, ಮೋಟಾರು ಮಾತ್ರ ಸುಮ್ಮನಿದ್ದರೆ ರೇಡಿಯೋ ನೆಟ್ಟಗಿದೆಯೆಂದು ತಿಳಿಯಬೇಕು. ಆಗ ಕೈಪಿಡಿಯಲ್ಲಿ ಹೇಳಿದಂತೆ ನಿಯಾಮಕಕ್ಕೆ ನಿಲುಗಡೆ, ಪೂರ್ಣವೇಗ, ಹಿನ್ನಡೆ ಈ ಮೂರು ಸ್ಥಾನಗಳನ್ನು ಮತ್ತೆ ಕಲಿಸಬೇಕು. ಎಷ್ಟೋ ಕಾರುಗಳು ಇಷ್ಟರಿಂದಲೇ ಎಚ್ಚರಗೊಳ್ಳುವುವು. ಆಗಲೂ ಓಡದಿದ್ದರೆ, ಬ್ರಷ್ ಮೋಟಾರನ್ನು ನಿಯಾಮಕದಿಂದ ಬಿಡಿಸಿ ನಾಲ್ಕು ಸಾಧಾರಣ ಸೆಲ್ಲುಗಳಿಗೆ ಕ್ಷಣಕಾಲ ತಾಗಿಸಿ ನೋಡಬಹುದು. ತಿರುಗಿದರೆ ದೋಷವು ನಿಯಾಮಕದ್ದು, ತಿರುಗದಿದ್ದರೆ ಮೋಟಾರಿನದು. ಮೂರು ತಂತಿಯ ಮೋಟಾರಿಗೆ ಈ ಪರೀಕ್ಷೆಯನ್ನು ಎಂದಿಗೂ ಮಾಡಕೂಡದು.

ಮೂರು ತಂತಿಯದು ಹೊರಡುವಾಗ ನಡುಗಿ ಮುಗ್ಗರಿಸುವುದುಂಟು. ಮೂರರಲ್ಲಿ ಒಂದು ತಂತಿ ಸಡಿಲವಾಗಿದ್ದರೆ ಹೀಗಾಗುವುದು, ಒಡನೆ ನಿಲ್ಲಿಸಬೇಕು. ಸೆನ್ಸರ್ ಇಲ್ಲದ ಮೋಟಾರಿಗಾದರೋ ಅತಿ ಮಂದಗತಿಯಲ್ಲಿ ಸ್ವಲ್ಪ ನಡುಕವು ಸಹಜ. ಅದು ಹಿಂದುಮುಂದಾಗಿ ತಿರುಗಿದರೆ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರಾಯಿತು. ಸೆನ್ಸರ್ ಇರುವುದಕ್ಕೆ ಮಾತ್ರ ಹಾಗೆ ಮಾಡಬಾರದು. ಅಲ್ಲಿ ಎ, ಬಿ, ಸಿ ಗುರುತುಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕು.

ಓಡಿ ಓಡಿ ನಿಲ್ಲುವ ಕಾರಿನಲ್ಲಿ ನಿಯಾಮಕವು ಬಹಳ ಬಿಸಿಯಾಗಿದ್ದರೆ ಮೋಟಾರು ಅದಕ್ಕೆ ಭಾರವಾಗಿದೆ. ತಣ್ಣಗಿದ್ದರೆ ಬ್ಯಾಟರಿಯ ಕಡೆ ನೋಡಬೇಕು. ೧೦೬೦ರಲ್ಲಿ ಬ್ಯಾಟರಿಯ ಜಾತಿಯನ್ನು ತಿಳಿಸಲು ಒಂದು ಪುಟ್ಟ ಕೊಂಡಿಯಿರುವುದು. ಆರು ಕೋಶದ, ೭.೨ ವೋಲ್ಟಿನ ನಿಕಲ್ ಬ್ಯಾಟರಿಯನ್ನು ಹಾಕಿ ಕೊಂಡಿಯನ್ನು ಲಿಪೋ ಕಡೆಗಿಟ್ಟರೆ ಕಾರು ಬೇಗನೆ ಸೊರಗುವುದು, ಇದರಿಂದ ಹಾನಿಯಿಲ್ಲ. ಲಿಪೋ ಹಾಕಿ ನಿಕಲ್ ಕಡೆಗಿಟ್ಟರೆ ಅಪಾಯ. ಕೋಶವೊಂದಕ್ಕೆ ೩ ವೋಲ್ಟಿಗಿಂತ ಕೆಳಗೆ ಬರಿದಾದ ಲಿಪೋ ಕೆಡುವುದು, ಉಬ್ಬುವುದು. ಅದನ್ನು ಮತ್ತೆ ಚಾರ್ಜು ಮಾಡುವಾಗ ಬೆಂಕಿ ಹತ್ತಲೂಬಹುದು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಕೂಡದು. ಒಳ್ಳೆಯದನ್ನಾದರೂ ಹಾಸಿಗೆಯ ಬಳಿ ಇಡಕೂಡದು, ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕಿ ಬಿಡಕೂಡದು. ಈ ಒಂದು ವಿಷಯದಲ್ಲಿ ಮನೆಯ ಹಿರಿಯರೇ ಕಾವಲಿರಬೇಕು.

ಹೊಸ ಮೋಟಾರನ್ನು ಕೊಳ್ಳುವ ಮೊದಲು ತಂತಿಗಳೆಷ್ಟು, ಅಳತೆಯೇನು, ಸುತ್ತು ಅಥವಾ ಕೆ.ವಿ. ಎಷ್ಟು, ಬ್ಯಾಟರಿಯ ಕೋಶಗಳೆಷ್ಟು, ನಿಯಾಮಕದ ಮಿತಿಯೇನು ಎಂಬ ಐದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಅರ್ಧ ಕಷ್ಟವು ಅಲ್ಲಿಯೇ ಪರಿಹಾರವಾಗುವುದು. ತಂದೆಯೋ ತಾಯಿಯೋ ಮಗುವಿನ ಪಕ್ಕದಲ್ಲಿ ಕುಳಿತು ಆ ಚೀಟಿಯನ್ನು ಬರೆಯಿಸಲಿ. ಕೆಟ್ಟದ್ದನ್ನು ಎಸೆಯುವುದಕ್ಕೆ ಮುಂಚೆ ಏಕೆ ಕೆಟ್ಟಿತೆಂದು ವಿಚಾರಿಸುವ ಅಭ್ಯಾಸವು ಮಗುವಿಗೆ ಹೀಗೆಯೇ ಬರುವುದು. ಕಾರು ಹಳೆಯದಾದ ಮೇಲೆಯೂ ಆ ಅಭ್ಯಾಸವು ಅದರ ಬಳಿ ಉಳಿದಿರುವುದು.