ಇವತ್ತು ಮಾರಿದ್ರೆ ಎಷ್ಟು ಸಿಗುತ್ತೆ?

ಒಂದು ವಸ್ತುವಿನ ಬೆಲೆ ಎಷ್ಟು ಅಂತ ಕೇಳಿದ್ರೆ ಕನಿಷ್ಠ ಮೂರು ಉತ್ತರ ಬರಬಹುದು ನೋಡಿ. ನಾನು ಕೊಟ್ಟು ತಂದಿದ್ದು ಇಷ್ಟು ಅನ್ನೋದು ಒಂದು. ಇಟ್ಟುಕೊಂಡ್ರೆ ಮುಂದೆ ಇಷ್ಟು ಬರುತ್ತೆ ಅನ್ನೋದು ಇನ್ನೊಂದು. ಇವತ್ತೇ ಮಾರಿದ್ರೆ ಇಷ್ಟು ಸಿಗುತ್ತೆ ಅನ್ನೋದು ಮೂರನೇದು. ಮನೆ ಮಟ್ಟಿಗೆ ಯಾವುದನ್ನು ಹೇಳಿಕೊಂಡ್ರೂ ಯಾರಿಗೂ ನಷ್ಟವಿಲ್ಲ. ಆದ್ರೆ ನೂರಾರು ಬಿಲಿಯನ್ ಡಾಲರಿನ ಬಾಂಡು, ಷೇರು, ಸಾಲಪತ್ರ ಇಟ್ಟುಕೊಂಡು ಕೂತಿರೋ ಬ್ಯಾಂಕಿನ ವಿಷಯ ಹಾಗಲ್ಲ. ಅದು ಯಾವ ಉತ್ತರವನ್ನ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೆ ಅನ್ನೋದರ ಮೇಲೆ ಅದು ಗಟ್ಟಿಯಾಗಿ ಕಾಣುತ್ತೋ ಪೊಳ್ಳಾಗಿ ಕಾಣುತ್ತೋ ನಿರ್ಧಾರವಾಗುತ್ತೆ. ಅಲ್ಲಿ ದುಡ್ಡಿಟ್ಟವರು ನಮ್ಮ ನಿಮ್ಮಂಥವರೇ ತಾನೇ?

ಆ ಮೂರನೇ ಉತ್ತರಕ್ಕೆ ಅಕೌಂಟಿಂಗಿನವರು ಇಟ್ಟಿರೋ ಹೆಸರು ಫೇರ್ ವ್ಯಾಲ್ಯೂ. ಅಮೇರಿಕದಲ್ಲಿ ಇದಕ್ಕೊಂದು ಸ್ಪಷ್ಟ ವ್ಯಾಖ್ಯೆ ಬಂದಿದ್ದು 2006ರ ಸೆಪ್ಟೆಂಬರಿನಲ್ಲಿ, ಎಫ್‌ಎಎಸ್ 157 ಅನ್ನೋ ನಿಯಮದ ಮೂಲಕ. ಹೆಚ್ಚುಕಡಿಮೆ ಅದನ್ನೇ ಹೋಲುವ ಐಎಫ್‌ಆರ್‌ಎಸ್ 13, 2011ರಲ್ಲಿ ಹೊರಬಂದು 2013ರಿಂದ ಜಾರಿಗೆ ಬಂತು. ಎರಡರ ಸಾರವೂ ಒಂದೇ: ಲೆಕ್ಕ ಹಾಕುವ ದಿನ, ಯಾರ ಬಲವಂತವೂ ಇಲ್ಲದೆ, ವ್ಯವಹಾರ ಬಲ್ಲವರ ನಡುವೆ ಮಾರಾಟ ನಡೆದಿದ್ರೆ ಆ ವಸ್ತುವಿಗೆ ಸಿಗುತ್ತಿದ್ದ ಬೆಲೆ. 'ಬಲವಂತವಿಲ್ಲದೆ' ಅನ್ನೋ ಮಾತು ನೆನಪಿರಲಿ, ಮುಂದೆ ಎಲ್ಲಾ ಗಲಾಟೆ ಶುರುವಾಗೋದೇ ಅಲ್ಲಿಂದ.

ಸರಿ, ಮಾರದೇ ಇರೋ ವಸ್ತುವಿಗೆ ಮಾರಿದ ಬೆಲೆ ಹೇಳೋದು ಹ್ಯಾಗೆ? ಅದಕ್ಕೆ ಮೂರು ಮೆಟ್ಟಿಲು ಮಾಡಿದ್ದಾರೆ. ನಮ್ಮ ಕಡೆಯ ಉದಾಹರಣೆ ಕೊಟ್ಟರೆ ಸುಲಭ. ಬಂಗಾರದ ಅಂಗಡಿಯ ಬೋರ್ಡಿನ ಮೇಲೆ ಇವತ್ತಿನ ರೇಟು ಬರೆದಿರ್ತಾರೆ, ಗ್ರಾಮಿನಿಂದ ಗುಣಿಸಿದ್ರೆ ಮುಗೀತು. ಇದು ಲೆವೆಲ್ 1. ನಿಮ್ಮ ಸೈಟಿಗೆ ಬೋರ್ಡಿಲ್ಲ, ಆದ್ರೆ ಪಕ್ಕದ ಕ್ರಾಸಿನ ಸೈಟು ಹೋದ ತಿಂಗಳು ಎಷ್ಟಕ್ಕೆ ಹೋಯ್ತು ಅಂತ ಗೊತ್ತು. ನಿಮ್ಮದು ಕಾರ್ನರ್ ಸೈಟು ಅಂತ ಒಂದಿಷ್ಟು ಸೇರಿಸಿ ಹೇಳ್ತೀರಿ. ಇದು ಲೆವೆಲ್ 2. ಇನ್ನು ಅಜ್ಜನ ಕಾಲದ ತೊಟ್ಟಿ ಮನೆ. ಅಂಥದ್ದನ್ನು ಆ ಊರಲ್ಲಿ ಯಾರೂ ಕೊಂಡಿಲ್ಲ, ಮಾರಿಲ್ಲ. ಮರ ಎಷ್ಟು, ಜಾಗ ಎಷ್ಟು ಅಂತ ನೀವೇ ಒಂದು ಅಂದಾಜು ಕಟ್ಟಬೇಕು. ಇದು ಲೆವೆಲ್ 3.

ಕಂಪನಿಗಳ ಲೆಕ್ಕದಲ್ಲೂ ಹೀಗೇ. ಭಾರತದಲ್ಲಿ ಇದರ ರೂಪ ಇಂಡ್ ಎಎಸ್ 113. ಇನ್ಫೋಸಿಸ್‌ನ ಆನ್ಯುಯಲ್ ರಿಪೋರ್ಟ್ ತೆಗೆದು ನೋಡಿ, ಈ ಮೂರು ಲೆವೆಲ್ಲಿನ ಪಟ್ಟಿ ಸಿಗುತ್ತೆ. ಲಿಕ್ವಿಡ್ ಮ್ಯೂಚುಯಲ್ ಫಂಡ್ ಯೂನಿಟ್ಟುಗಳು ಲೆವೆಲ್ 1. ಡಾಲರ್ ಏರಿಳಿತದಿಂದ ಕಾಪಾಡಿಕೊಳ್ಳೋಕೆ ಮಾಡಿಕೊಂಡ ಫಾರ್ವರ್ಡ್ ಕಾಂಟ್ರಾಕ್ಟುಗಳು ಲೆವೆಲ್ 2, ಯಾಕಂದ್ರೆ ಅದೇ ಕಾಂಟ್ರಾಕ್ಟಿಗೆ ಬೋರ್ಡಿಲ್ಲ, ಆದ್ರೆ ಅದನ್ನು ಲೆಕ್ಕ ಹಾಕೋಕೆ ಬೇಕಾದ ವಿನಿಮಯ ದರ, ಬಡ್ಡಿ ದರ ಎಲ್ಲರ ಕಣ್ಣಿಗೂ ಕಾಣುತ್ತೆ. ಷೇರುಪೇಟೆಗೆ ಬಾರದ ಸಣ್ಣ ಕಂಪನಿಗಳಲ್ಲಿ ಹಾಕಿದ ದುಡ್ಡು ಲೆವೆಲ್ 3.

ಲೆವೆಲ್ 3ರ ನಂಬರು ಸುಳ್ಳು ಅಂತ ಅರ್ಥ ಅಲ್ಲ. ಅದರಲ್ಲಿ ಕಂಡಿದ್ದಕ್ಕಿಂತ ಊಹಿಸಿದ್ದು ಹೆಚ್ಚು ಅಂತ, ಅಷ್ಟೇ. ಮುಂದೆ ಬರೋ ಹಣವನ್ನ ಯಾವ ಬಡ್ಡಿ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಬೇಕು, ಎಷ್ಟು ಜನ ಸಾಲ ತೀರಿಸದೇ ಹೋಗ್ತಾರೆ ಅನ್ನೋದನ್ನೆಲ್ಲ ಕಂಪನಿಯವರೇ ತೀರ್ಮಾನಿಸ್ತಾರೆ. ಆಡಿಟರ್ ಪ್ರಶ್ನೆ ಕೇಳಬಹುದು, ಆದ್ರೆ ಹೋಲಿಸಿ ನೋಡೋಕೆ ಪೇಟೆಯ ಬೆಲೆ ಅವರ ಹತ್ತಿರವೂ ಇರೋಲ್ಲ.

ಆ ಊಹೆ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ 2008 ಸಾಕ್ಷಿ. ಮೆರಿಲ್ ಲಿಂಚ್ ಹತ್ತಿರ ಮನೆ ಸಾಲಗಳ ಆಧಾರದ ಮೇಲೆ ಕಟ್ಟಿದ ಸಿಡಿಒ ಅನ್ನೋ ಪತ್ರಗಳ ದೊಡ್ಡ ಕಟ್ಟಿತ್ತು. ಮುಖಬೆಲೆ 30.6 ಬಿಲಿಯನ್ ಡಾಲರ್. ಜೂನ್ ಕೊನೆಯ ಲೆಕ್ಕದಲ್ಲಿ ಅದರ ಬೆಲೆ 11.1 ಬಿಲಿಯನ್ ಅಂತ ಬರೆದಿದ್ರು. ಜುಲೈ ಕೊನೆಗೆ ಅದನ್ನ ಲೋನ್ ಸ್ಟಾರ್ ಅನ್ನೋ ಫಂಡಿಗೆ ಮಾರಿದ್ದು 6.7 ಬಿಲಿಯನ್ನಿಗೆ, ಅಂದ್ರೆ ಡಾಲರಿಗೆ 22 ಸೆಂಟು. ಅದರಲ್ಲೂ ಕೊಳ್ಳುವವರಿಗೆ ಮುಕ್ಕಾಲು ಪಾಲು ಸಾಲ ಕೊಟ್ಟಿದ್ದು ಮೆರಿಲ್ಲೇ! ಒಂದು ತಿಂಗಳಲ್ಲಿ 4.4 ಬಿಲಿಯನ್ ಕರಗಿಹೋಯ್ತು. ಹಾಗಾದ್ರೆ ಜೂನಿನ ನಂಬರು ತಪ್ಪಾ, ಅಥವಾ ಜುಲೈನದ್ದು ಕಷ್ಟಕ್ಕೆ ಸಿಕ್ಕಿದವರ ಮಾರಾಟವಾ? ಬ್ಯಾಂಕುಗಳು ಒಟ್ಟಾಗಿ ಎರಡನೇ ವಾದ ಹಿಡಿದ್ವು: ಪೇಟೆಯೇ ಹೆಪ್ಪುಗಟ್ಟಿರೋವಾಗ ಇದ್ಯಾವ ಸೀಮೆಯ ನ್ಯಾಯದ ಬೆಲೆ, ಈ ನಿಯಮ ನಿಲ್ಲಿಸಿ ಅಂತ. ಎಸ್‌ಇಸಿ ಅಧ್ಯಯನ ಮಾಡಿ 2008ರ ಡಿಸೆಂಬರ್ 30ರಂದು ವರದಿ ಕೊಟ್ಟಿತು. ಆ ವರ್ಷ ಬ್ಯಾಂಕುಗಳು ಬಿದ್ದಿದ್ದರಲ್ಲಿ ಫೇರ್ ವ್ಯಾಲ್ಯೂ ಲೆಕ್ಕದ ಪಾತ್ರ ದೊಡ್ಡದಲ್ಲ, ನಿಯಮವನ್ನ ಸುಧಾರಿಸಿ, ನಿಲ್ಲಿಸಬೇಡಿ ಅಂತ ಅದರ ತಾತ್ಪರ್ಯ. 2009ರ ಏಪ್ರಿಲಿನಲ್ಲಿ, ವ್ಯಾಪಾರವೇ ನಡೆಯದ ಪೇಟೆಯಲ್ಲಿ ಬೆಲೆ ಹ್ಯಾಗೆ ಕಟ್ಟಬೇಕು ಅನ್ನೋ ವಿವರಣೆಯೂ ಬಂತು.

ಇದು ಊಹೆ ಹೆಚ್ಚಾದ ಕಥೆ. ಊಹೆಯೇ ಬೇಕಿಲ್ಲದ ಕಡೆಯೂ ಪೆಟ್ಟು ಬೀಳುತ್ತೆ ಅನ್ನೋದನ್ನ ತೋರಿಸಿದ್ದು 2023ರ ಸಿಲಿಕಾನ್ ವ್ಯಾಲಿ ಬ್ಯಾಂಕು. ಅದಕ್ಕೆ ಮೊದಲು ಸಣ್ಣ ಲೆಕ್ಕವೊಂದು ಮಾಡೋಣ. ವರ್ಷಕ್ಕೆ ಒಂದೂವರೆ ಡಾಲರ್ ಬಡ್ಡಿ ಕೊಡೋ, ಹತ್ತು ವರ್ಷದ, ನೂರು ಡಾಲರಿನ ಬಾಂಡು ನಿಮ್ಮ ಹತ್ತಿರ ಇದೆ. ಕೊಂಡ ಮೇಲೆ ಪೇಟೆಯ ಬಡ್ಡಿ 4 ಪರ್ಸೆಂಟಿಗೆ ಏರಿತು. ಹೊಸ ಬಾಂಡಿಗೆ ನಾಲ್ಕು ಡಾಲರ್ ಬರೋವಾಗ ನಿಮ್ಮದನ್ನ ನೂರಕ್ಕೆ ಯಾರು ತಗೋತಾರೆ? ಲೆಕ್ಕ ಹಾಕಿದ್ರೆ ಸುಮಾರು 80 ಡಾಲರ್ ಬರುತ್ತೆ. ಹತ್ತು ವರ್ಷ ಕಾದ್ರೆ ನೂರಕ್ಕೆ ನೂರು ವಾಪಸ್ ಬರುತ್ತೆ ನಿಜ, ಆದ್ರೆ ಕಾಯೋ ಹಾಗಿರಬೇಕು.

'ಕೊನೇವರೆಗೂ ಇಟ್ಟುಕೊಳ್ತೀವಿ' ಅಂತ ಹೇಳಿದ ಬಾಂಡುಗಳನ್ನ ಇವತ್ತಿನ ಬೆಲೆಗೆ ಇಳಿಸಬೇಕಾಗಿಲ್ಲ, ಕೊಂಡ ಬೆಲೆಯ ಲೆಕ್ಕದಲ್ಲೇ ಇಡಬಹುದು ಅಂತ ನಿಯಮ ಇದೆ. ಆ ಬ್ಯಾಂಕು 2022ರ ಕೊನೆಗೆ ಹಾಗೆ ಇಟ್ಟುಕೊಂಡಿದ್ದು 91.3 ಬಿಲಿಯನ್ ಡಾಲರ್. ಬಹುಪಾಲು ಸರಕಾರಿ ಬೆಂಬಲದ ಮನೆ ಸಾಲದ ಬಾಂಡುಗಳು, ಮುಳುಗುವಂಥವೇನಲ್ಲ. ಅವುಗಳ ಫೇರ್ ವ್ಯಾಲ್ಯೂ 76.2 ಬಿಲಿಯನ್. ವ್ಯತ್ಯಾಸ 15 ಬಿಲಿಯನ್, ಬ್ಯಾಂಕಿನ ಇಡೀ ಬಂಡವಾಳ ಸುಮಾರು 16. ಇದೇನೂ ಗುಟ್ಟಾಗಿರಲಿಲ್ಲ. ಬ್ಯಾಲೆನ್ಸ್ ಶೀಟಿನಲ್ಲೇ, ಅದೇ ಸಾಲಿನಲ್ಲೇ, ಕಂಸದೊಳಗೆ ಅಚ್ಚಾಗಿತ್ತು! ಮಾರ್ಚ್ 8ರಂದು ಬ್ಯಾಂಕು ಬೇರೆ ಗುಂಪಿನ ಸುಮಾರು 21 ಬಿಲಿಯನ್ನಿನ ಬಾಂಡು ಮಾರಿ 1.8 ಬಿಲಿಯನ್ ನಷ್ಟ ಅಂತ ಹೇಳಿತು. 9ರಂದು ಜನ 42 ಬಿಲಿಯನ್ ಹಿಂತೆಗೆದುಕೊಳ್ಳೋಕೆ ಮುಗಿಬಿದ್ದರು. 10ರಂದು ಬೀಗ ಬಿತ್ತು. ಕೊನೇವರೆಗೂ ಇಟ್ಟುಕೊಳ್ತೀವಿ ಅನ್ನೋದು ಬ್ಯಾಂಕಿನ ಮಾತು, ಇಟ್ಟುಕೊಳ್ಳೋಕೆ ಬಿಡಬೇಕಾದವರು ದುಡ್ಡಿಟ್ಟವರು.

ಭಾರತದ ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೂಡಿಕೆಗಳನ್ನ ಇದೇ ಮೂರು ಲೆವೆಲ್ಲುಗಳಲ್ಲಿ ವಿಂಗಡಿಸಿ ತೋರಿಸಬೇಕು. ಕೊನೇವರೆಗೂ ಇಟ್ಟುಕೊಳ್ಳೋ ಗುಂಪು ಮಾತ್ರ ಅಲ್ಲೂ ಕೊಂಡ ಬೆಲೆಯ ಲೆಕ್ಕದಲ್ಲೇ ಇರುತ್ತೆ.

ಹಾಗಾಗಿ ನೀವು ಷೇರು ಕೊಳ್ಳೋ ಬ್ಯಾಂಕಿನ ರಿಪೋರ್ಟು ಕೈಗೆ ಬಂದ್ರೆ ಚೇರ್‌ಮನ್ನರ ನಗುಮುಖದ ಫೋಟೋ ದಾಟಿ ಹಿಂದಿನ ಪುಟಗಳಿಗೆ ಹೋಗಿ. ಎರಡೇ ಲೆಕ್ಕ ನೋಡಿ. ಲೆವೆಲ್ 3ರ ಮೊತ್ತ ಬಂಡವಾಳದ ಮುಂದೆ ಎಷ್ಟು ದೊಡ್ಡದು? ಕೊನೇವರೆಗೂ ಇಟ್ಟುಕೊಳ್ತೀವಿ ಅಂದ ಬಾಂಡುಗಳಿಗೆ ಇವತ್ತು ಸಿಗೋದೆಷ್ಟು, ಆ ಕೊರತೆಯನ್ನ ಕಳೆದ್ರೆ ಬಂಡವಾಳದಲ್ಲಿ ಉಳಿಯೋದೆಷ್ಟು? ಅಕೌಂಟಿಂಗ್ ಓದಿರಬೇಕಾಗಿಲ್ಲ, ಕೂಡೋದು ಕಳೆಯೋದು ಬಂದ್ರೆ ಸಾಕು.