ಹುಲಿಯನ್ನು ಬದುಕಿಸಬೇಕಾ?

ಪುಣ್ಯಕೋಟಿಯ ಕಥೆ ಯಾರಿಗೆ ಗೊತ್ತಿಲ್ಲ? ಕರುವಿಗೆ ಹಾಲುಣಿಸಿ, ಕೊಟ್ಟ ಮಾತಿನಂತೆ ಮರಳಿ ಬಂದ ಹಸುವನ್ನು ಕಂಡು ಹುಲಿ ಪ್ರಾಣ ಬಿಡುತ್ತದೆ. ಈಗ ಪುಟ್ಟ ಮಕ್ಕಳಿಗೆ ಹೇಳುವಾಗ ಕೆಲವರು ಈ ಕೊನೆಯನ್ನೇ ಬದಲಿಸುತ್ತಾರೆ. ಹುಲಿ ‘ಸಾರಿ’ ಹೇಳಿ ಹಸುವಿನ ಫ್ರೆಂಡ್ ಆಗಿಬಿಡುತ್ತದೆ!

ನಾನು ಬಿಇ ಓದುತ್ತಿರುವವಳು. ಇಂಟರ್ನಲ್ಸ್, ಅಸೈನ್‌ಮೆಂಟ್‌ಗಳ ನಡುವೆಯೂ ಸಂಜೆ ನಮ್ಮ ವಠಾರದ ಐದಾರು ವರ್ಷದ ಮಕ್ಕಳು ‘ಅಕ್ಕಾ, ಕಥೆ’ ಎಂದು ಬಂದು ಕೂರುತ್ತಾರೆ. ಒಬ್ಬಳ ತಾಯಿ, ‘ಸಾಯೋ ಕಥೆ ಬೇಡಮ್ಮಾ, ರಾತ್ರಿ ಹೆದರ್ಕೋತಾಳೆ’ ಎಂದಿದ್ದರು. ಅವರ ಆತಂಕ ನನಗೂ ಅರ್ಥವಾಗುತ್ತದೆ. ಆದರೂ ಹುಲಿಯನ್ನು ಬದುಕಿಸಲು ನನಗೆ ಮನಸ್ಸಾಗಲಿಲ್ಲ.

ಕಥೆ ಬದಲಿಸಲೇಬಾರದು ಎಂಬ ಹಟ ನನ್ನದಲ್ಲ. ಪಂಚತಂತ್ರ ಇಷ್ಟು ಕಾಲ ಬಾಳಿದ್ದೇ ಬದಲಾಗುತ್ತಾ. 11ನೇ ಶತಮಾನದಲ್ಲಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಅದಕ್ಕೂ ಮೊದಲೇ, 8ನೇ ಶತಮಾನದಲ್ಲಿ ಅದು ಅರಬ್ಬಿ ಭಾಷೆ ಸೇರಿ, ಕರಟಕ-ದಮನಕ ಎಂಬ ನರಿಗಳು ಕಲೀಲಾ-ದಿಮ್ನಾ ಆಗಿದ್ದವು. ಸಂಸ್ಕೃತದಲ್ಲಿ ದಮನಕ ಚಾಡಿ ಹೇಳಿ, ಸಿಂಹದ ಕೈಯಲ್ಲಿ ಎತ್ತನ್ನು ಕೊಲ್ಲಿಸಿಯೂ ಶಿಕ್ಷೆಯಿಲ್ಲದೆ ಪಾರಾಗುತ್ತಾನೆ. ಅರಬ್ಬಿಯಲ್ಲಿ ಅವನ ವಿಚಾರಣೆಗೆಂದೇ ಹೊಸ ಅಧ್ಯಾಯ ಸೇರಿತು. ಅಲ್ಲಿ ಅವನಿಗೆ ಶಿಕ್ಷೆಯಾಗುತ್ತದೆ. ಆದರೆ ಸತ್ತ ಎತ್ತು ಎದ್ದು ಬರುವುದಿಲ್ಲ. ಆಗಿದ್ದನ್ನು ಅಳಿಸದೆಯೂ ಕಥೆಯನ್ನು ಹೊಸದಾಗಿ ಹೇಳಬಹುದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಹಾಗಾಗಿ ನಾನು ಬದಲಿಸುವುದು ಹೇಳುವ ರೀತಿಯನ್ನಷ್ಟೇ. ಕರು ಅಮ್ಮನಿಗಾಗಿ ಕಾಯುವ ಭಾಗವನ್ನು ನಿಧಾನವಾಗಿ ಹೇಳುತ್ತೇನೆ. ಹುಲಿಯ ಸಾವು ಒಂದೇ ವಾಕ್ಯ, ರಕ್ತ-ಗಾಯದ ವರ್ಣನೆ ಇಲ್ಲ. ‘ಇದರ ನೀತಿ ಏನು?’ ಎಂದು ಕೇಳುವುದೂ ಇಲ್ಲ.

ಮೊನ್ನೆ ಕಥೆ ಮುಗಿದಾಗ ಎಲ್ಲರೂ ಸುಮ್ಮನಿದ್ದರು. ಆಮೇಲೆ ಒಬ್ಬ, ‘ತಿನ್ನದೆ ಬಿಟ್ಟಿದ್ರೆ ಸಾಕಿತ್ತಲ್ವಾ? ಯಾಕೆ ಸಾಯ್ಬೇಕಿತ್ತು?’ ಎಂದ. ‘ಹುಲಿಗೂ ಹಸಿವಾಗಿತ್ತು ಕಣೋ’ ಎಂದಳು ಇನ್ನೊಬ್ಬಳು. ಹದಿನೈದು ನಿಮಿಷ ವಾದವೋ ವಾದ! ಹುಲಿ ಫ್ರೆಂಡ್ ಆಗಿದ್ದರೆ ಅವರಿಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ.

ಮರುದಿನ ಆ ತಾಯಿಯನ್ನು, ‘ಆಂಟಿ, ಪುಟ್ಟಿ ನಿದ್ದೆ ಮಾಡಿದ್ಲಾ?’ ಎಂದು ವಿಚಾರಿಸಿದೆ. ‘ಮಾಡಿದ್ಲಮ್ಮಾ. ಆದ್ರೆ ಹುಲಿಗೆ ಅಮ್ಮ ಇರಲಿಲ್ವಾ ಅಂತ ನನ್ನ ತಲೆ ತಿಂದ್ಲು’ ಎಂದು ನಕ್ಕರು.

ರಜೆಗೆ ಊರಿಗೆ ಹೋದಾಗ ಮನೆಯ ಪುಟಾಣಿ ಮೊಬೈಲ್ ಕೇಳಿದರೆ ನೀವೂ ಒಂದು ಕಥೆ ಹೇಳಿ ನೋಡಿ. ಮುಗಿದ ಮೇಲೆ ಸ್ವಲ್ಪ ಸುಮ್ಮನಿರಿ. ಮುಂದಿನ ಮಾತು ಮಗುವಿನದಾಗಲಿ.