ಮದ್ಯಮುಕ್ತಿಯ ಕೂಟಗಳಲ್ಲಿ ಕ್ರೈಸ್ತ ಶ್ರದ್ಧೆಯ ಪಾತ್ರ: ಲಿಂಗವಂತರು ಅರಿಯಬೇಕಾದುದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಗ್ರಾಮಗಳಿಂದ ಶ್ರೀಮಠಕ್ಕೆ ಆಗಮಿಸುವ ಸದ್ಭಕ್ತರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ಮನೆಯವರ ಕುಡಿತದಿಂದ ನೊಂದವರು ಅನೇಕರಿದ್ದಾರೆ. ಅಡಿಕೆ ಮಾರಿದ ಹಣವಿರಲಿ, ಮಳೆ ಕೈಕೊಟ್ಟ ವರ್ಷದ ಕೂಲಿಯಿರಲಿ, ಅದು ಮನೆ ಸೇರುವ ಮೊದಲೇ ಕರಗಿಹೋಗುವ ಕಥೆಯನ್ನು ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂದರೂ ಕುಡಿತ ನಿಲ್ಲಲಿಲ್ಲ; ಪ್ಯಾಕೆಟ್ಟಿನ ಬದಲು ಬಾಟಲಿ ಬಂದಿತು.

ಈ ತಾಯಂದಿರಲ್ಲಿ ಕೆಲವರು ಅಳುಕಿನಿಂದ ಒಂದು ಪ್ರಶ್ನೆ ಕೇಳುತ್ತಾರೆ: “ವೈದ್ಯರು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟಕ್ಕೆ ಹೋಗಲು ಹೇಳಿದ್ದಾರೆ. ಅಲ್ಲಿ ದೇವರ ಪ್ರಾರ್ಥನೆ ಇರುತ್ತದಂತೆ. ಸಭೆ ಚರ್ಚಿನ ಕಟ್ಟಡದಲ್ಲಿ ನಡೆಯುತ್ತದಂತೆ. ಅಲ್ಲಿಗೆ ಕಳುಹಿಸಿದರೆ ಮಗ ಇಷ್ಟಲಿಂಗ ಬಿಟ್ಟಾನೆಯೇ?” ಪ್ರಶ್ನೆ ಪ್ರಾಮಾಣಿಕವಾದುದು. ಉತ್ತರ ತಿಳಿಯದೆ ತಿಂಗಳುಗಟ್ಟಲೆ ಚಿಕಿತ್ಸೆಯನ್ನು ಮುಂದೂಡುವ ಕುಟುಂಬಗಳಿರುವುದರಿಂದ, ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನಿವೇದಿಸುತ್ತೇವೆ.

ಕೂಟ ಹುಟ್ಟಿದ ಬಗೆ

ಈ ಕೂಟ ಕ್ರೈಸ್ತ ಶ್ರದ್ಧೆಯ ಮಡಿಲಲ್ಲಿಯೇ ಹುಟ್ಟಿತು ಎಂಬುದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಅಮೆರಿಕದ ಲೂಥರನ್ ಪಾದ್ರಿ ಫ್ರಾಂಕ್ ಬುಕ್ಮನ್ ಅವರು ಕಟ್ಟಿದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಆಂದೋಲನ 1930ರ ದಶಕದಲ್ಲಿ ಪ್ರಬಲವಾಗಿತ್ತು. ತನ್ನ ದೋಷಗಳನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಅವುಗಳನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು, ನೋಯಿಸಿದವರಿಗೆ ಪರಿಹಾರ ಸಲ್ಲಿಸುವುದು, ಮೌನದಲ್ಲಿ ಕುಳಿತು ದೈವದ ಮಾರ್ಗದರ್ಶನಕ್ಕೆ ಕಾಯುವುದು ಅದರ ಸಾಧನಾಕ್ರಮವಾಗಿತ್ತು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದುಡಿದು ಕುಡಿತದಿಂದ ದಿವಾಳಿಯಾಗಿದ್ದ ಬಿಲ್ ವಿಲ್ಸನ್ ಈ ಆಂದೋಲನದ ಸಂಪರ್ಕದಿಂದ 1934ರ ಡಿಸೆಂಬರಿನಲ್ಲಿ ಮದ್ಯ ತೊರೆದರು. ಮರುವರ್ಷ ಒಹಾಯೊ ರಾಜ್ಯದ ಏಕ್ರನ್ ನಗರದಲ್ಲಿ, ಕುಡಿತದಿಂದ ಬಳಲುತ್ತಿದ್ದ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಅವರನ್ನು ಭೇಟಿಯಾದರು. ಡಾ. ಬಾಬ್ ಕೊನೆಯ ಬಾರಿಗೆ ಕುಡಿದ 1935ರ ಜೂನ್ 10ನ್ನೇ ಕೂಟದ ಸ್ಥಾಪನಾ ದಿನವೆಂದು ಎಣಿಸಲಾಗುತ್ತದೆ.

ಏಕ್ರನ್ನಿನ ಆದಿ ಸದಸ್ಯರು ಬೈಬಲ್ಲಿನ ಯಾಕೋಬನ ಪತ್ರಿಕೆಯನ್ನೂ ಯೇಸುವಿನ ಪರ್ವತ ಪ್ರಸಂಗವನ್ನೂ ಶ್ರದ್ಧೆಯಿಂದ ಓದುತ್ತಿದ್ದರು. ನ್ಯೂಯಾರ್ಕಿನ ಪಾದ್ರಿ ಸ್ಯಾಮ್ಯುಯೆಲ್ ಶೂಮೇಕರ್ ಅವರ ಬೋಧನೆಯ ಋಣವನ್ನು ವಿಲ್ಸನ್ ಮುಂದೆಯೂ ಸ್ಮರಿಸಿದರು. ಏಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕ್ಯಾಥೊಲಿಕ್ ಸನ್ಯಾಸಿನಿ ಸಿಸ್ಟರ್ ಇಗ್ನೇಷಿಯಾ ಅವರು ಡಾ. ಬಾಬ್ ಜೊತೆಗೂಡಿ, ಬೇರೆಡೆ ದಾಖಲಾತಿ ಸಿಗದೆ ಅಲೆಯುತ್ತಿದ್ದ ಕುಡುಕರನ್ನು ರೋಗಿಗಳೆಂದು ಸ್ವೀಕರಿಸಿ ಉಪಚರಿಸಿದರು. ಸಮಾಜ ದೂರವಿಟ್ಟವರನ್ನು ಹತ್ತಿರ ಕರೆದ ಈ ಸೇವೆಯನ್ನು ದಾಸೋಹ ಪರಂಪರೆಯವರಾದ ನಾವು ಗೌರವದಿಂದ ಕಾಣಬೇಕು.

ಮತದಿಂದ ಬೇರ್ಪಟ್ಟದ್ದು

ಆದರೆ ಕೂಟ ಅಲ್ಲಿಯೇ ನಿಲ್ಲಲಿಲ್ಲ. ನ್ಯೂಯಾರ್ಕಿನ ಸದಸ್ಯರು 1937ರಲ್ಲಿಯೂ ಏಕ್ರನ್ನಿನವರು 1939ರಲ್ಲಿಯೂ ಆಕ್ಸ್‌ಫರ್ಡ್ ಗ್ರೂಪಿನಿಂದ ಹೊರಬಂದರು. 1939ರಲ್ಲಿ ಅವರ ಮೂಲ ಗ್ರಂಥ ಸಿದ್ಧವಾಗುವಾಗ, ಒಳಗಿದ್ದ ನಾಸ್ತಿಕ ಹಾಗೂ ಸಂಶಯವಾದಿ ಸದಸ್ಯರು ದೇವರ ಪ್ರಸ್ತಾಪ ಬಂದೆಡೆ ಪ್ರತಿಯೊಬ್ಬನೂ ತಾನು ಅರಿತಂತೆ ದೇವರನ್ನು ಭಾವಿಸಲು ಅವಕಾಶವಿರಬೇಕೆಂದು ಪಟ್ಟು ಹಿಡಿದರು. ಅದು ಅಂಗೀಕಾರವಾಯಿತು. ಕರಡಿನ ಏಳನೆಯ ಹೆಜ್ಜೆಯಲ್ಲಿದ್ದ ಮಂಡಿಯೂರುವ ಮಾತನ್ನೂ ತೆಗೆದುಹಾಕಲಾಯಿತು. ಹನ್ನೆರಡು ಹೆಜ್ಜೆಗಳಲ್ಲಿ ಯೇಸುವಿನ ಹೆಸರಾಗಲಿ ಶಿಲುಬೆಯ ಉಲ್ಲೇಖವಾಗಲಿ ಇಲ್ಲ.

1950ರಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳ ಪ್ರಕಾರ ಸದಸ್ಯತ್ವಕ್ಕೆ ಬೇಕಾದುದು ಕುಡಿತ ಬಿಡುವ ಇಚ್ಛೆಯೊಂದೇ. ಕೂಟ ಯಾವ ಮತಸಂಸ್ಥೆಯನ್ನೂ ಬೆಂಬಲಿಸುವುದಿಲ್ಲ. ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಸದಸ್ಯರ ಹೆಸರನ್ನು ಹೊರಗೆ ಹೇಳುವುದಿಲ್ಲ. ಸಭೆ ಚರ್ಚಿನ ಕೊಠಡಿಯಲ್ಲಿ ನಡೆದರೂ ಅದು ಚರ್ಚಿನ ಸಭೆಯಲ್ಲ. ಸಂಜೆಯ ವೇಳೆ ಅಗ್ಗದಲ್ಲಿ ಸಿಗುವ ಶಾಂತ ಸ್ಥಳವೆಂಬ ಕಾರಣಕ್ಕೆ ಚರ್ಚು, ಶಾಲೆ, ಆಸ್ಪತ್ರೆಗಳ ಕೊಠಡಿಗಳನ್ನು ಬಳಸುವುದು ರೂಢಿ. ಭಾರತಕ್ಕೆ ಈ ಕೂಟ 1957ರಲ್ಲಿ ಮುಂಬಯಿಯ ಮೂಲಕ ಬಂದಿತು. ಇಂದು ಅದರಲ್ಲಿ ಎಲ್ಲ ಮತಗಳ ಜನರಿದ್ದಾರೆ.

ಹೀಗಿದ್ದರೂ ಕ್ರೈಸ್ತ ಛಾಯೆ ಪೂರ್ತಿ ಅಳಿದಿಲ್ಲವೆಂಬುದೂ ಸತ್ಯ. ಸಭೆಗಳಲ್ಲಿ ಪ್ರಚಲಿತವಾಗಿರುವ ಪ್ರಶಾಂತತೆಯ ಪ್ರಾರ್ಥನೆ ಅಮೆರಿಕದ ದೇವತಾಶಾಸ್ತ್ರಜ್ಞ ರೈನ್ಹೋಲ್ಡ್ ನೀಬುರ್ ಅವರದೆಂದು ಪ್ರಸಿದ್ಧ. ಅಮೆರಿಕದಲ್ಲಿಯೇ, ಕೈದಿಗಳನ್ನು ಇಂಥ ಸಭೆಗೆ ಬಲವಂತವಾಗಿ ಕಳುಹಿಸುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಇದಲ್ಲದೆ, ಕ್ಯಾಲಿಫೋರ್ನಿಯಾದ ಚರ್ಚೊಂದರಲ್ಲಿ 1991ರಲ್ಲಿ ಆರಂಭವಾದ ‘ಸೆಲೆಬ್ರೇಟ್ ರಿಕವರಿ’ಯಂತಹ, ಯೇಸುವನ್ನೇ ಕೇಂದ್ರವಾಗಿಟ್ಟುಕೊಂಡ ಕಾರ್ಯಕ್ರಮಗಳೂ ಇವೆ. ಇವು ತಮ್ಮ ಶ್ರದ್ಧೆಯನ್ನು ಬಹಿರಂಗವಾಗಿಯೇ ಸಾರುತ್ತವೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಬೇರೆ, ಇವು ಬೇರೆ. ಸೇರುವ ಮುನ್ನ ಯಾವುದೆಂದು ವಿಚಾರಿಸುವುದು ಕುಟುಂಬದವರ ಹಕ್ಕು.

ಶರಣ ಮಾರ್ಗದ ದೃಷ್ಟಿಯಿಂದ

ಹನ್ನೆರಡು ಹೆಜ್ಜೆಗಳ ಸಾರ ಲಿಂಗವಂತನಿಗೆ ಪರಕೀಯವಲ್ಲ. ‘ಕುಡಿತದ ಮುಂದೆ ನಾನು ಅಸಹಾಯಕ’ ಎಂಬ ಮೊದಲ ಹೆಜ್ಜೆ ಅಹಂಕಾರವನ್ನು ಇಳಿಸುವ ಮಾತು. ತನಗಿಂತ ಹಿರಿದಾದ ಶಕ್ತಿಗೆ ಒಪ್ಪಿಸಿಕೊಳ್ಳುವುದು ನಮ್ಮ ‘ಶರಣ’ ಎಂಬ ಪದದಲ್ಲಿಯೇ ಅಡಗಿದೆ. ತಪ್ಪುಗಳನ್ನು ಪಟ್ಟಿಮಾಡಿ ನೊಂದವರಲ್ಲಿ ಕ್ಷಮೆ ಬೇಡಿ ಸರಿಪಡಿಸುವುದು ಸದಾಚಾರ. ಚೇತರಿಸಿಕೊಂಡವನು ಇನ್ನೊಬ್ಬ ಕುಡುಕನ ಸೇವೆಗೆ ನಿಲ್ಲುವುದು ಭೃತ್ಯಾಚಾರ. ಹನ್ನೊಂದನೆಯ ಹೆಜ್ಜೆಯ ಪ್ರಾರ್ಥನೆ, ಧ್ಯಾನಗಳನ್ನು ನಮ್ಮವನು ಇಷ್ಟಲಿಂಗ ಪೂಜೆಯಲ್ಲಿ ನೆರವೇರಿಸಬಹುದು. ಅದಕ್ಕೆ ಅಡ್ಡಿ ಮಾಡುವ ನಿಯಮ ಕೂಟದಲ್ಲಿಲ್ಲ. ಎರಡು ಮಾರ್ಗಗಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ಒಂದನ್ನು ಬಿಡದೆ ಇನ್ನೊಂದರಿಂದ ನೆರವು ಪಡೆಯಬಹುದು ಎಂದಷ್ಟೇ ಹೇಳುತ್ತಿದ್ದೇವೆ. ಹೆಂಡ ಮಾರುವ ಕಾಯಕದಲ್ಲಿದ್ದ ಹೆಂಡದ ಮಾರಯ್ಯನನ್ನೂ ಶರಣನೆಂದು ಅಪ್ಪಿಕೊಂಡ ಪರಂಪರೆ ನಮ್ಮದು. ಕುಡಿತಕ್ಕೆ ಸಿಲುಕಿದವನನ್ನು ಅದು ಹೊರಗಿಡಲಾರದು.

ನಮ್ಮ ನಾಡಿನಲ್ಲಿಯೇ ಬೆಳೆದ ಮಾರ್ಗಗಳೂ ಇವೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಮನೆಮನೆಗೆ ಹೋಗಿ, ಹಣದ ಬದಲು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಎಂಟು ದಿನ ನಡೆಯುತ್ತವೆ. ಶಿಬಿರ ಮುಗಿದ ಮೇಲೆ ಮದ್ಯ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಜೋಳಿಗೆಗೆ ಚಟ ಹಾಕಿದವನೂ ಶಿಬಿರದಿಂದ ಮನೆಗೆ ಬಂದವನೂ ಮರುವಾರ ಅದೇ ಗೆಳೆಯರ ನಡುವೆ, ಅದೇ ಅಂಗಡಿಯ ಮುಂದೆ ನಡೆಯಬೇಕಾಗುತ್ತದೆ. ಸಂಕಲ್ಪವನ್ನು ದಿನದಿನವೂ ಕಾಯಲು ಸಂಗ ಬೇಕು. ಕೂಟಗಳ ಮಹತ್ವ ಇರುವುದು ಇಲ್ಲಿಯೇ.

ಇದಕ್ಕೆ ಅಧ್ಯಯನದ ಆಧಾರವೂ ಇದೆ. 2020ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಪರಿಶೀಲಿಸಿತು. ಕ್ರಮಬದ್ಧವಾಗಿ ಹನ್ನೆರಡು ಹೆಜ್ಜೆಗಳ ಕೂಟಕ್ಕೆ ಜೋಡಿಸಿದವರಲ್ಲಿ, ಇತರ ಮನೋಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಮಂದಿ ನಿರಂತರವಾಗಿ ಮದ್ಯದಿಂದ ದೂರ ಉಳಿದಿದ್ದರು. ಈ ಅಧ್ಯಯನಗಳು ಬಹುತೇಕ ಪಾಶ್ಚಾತ್ಯ ದೇಶಗಳವೆಂಬುದನ್ನು ನೆನಪಿಡಬೇಕು. ಕೂಟದ ಫಲಕ್ಕೆ ದೈವಶ್ರದ್ಧೆಯೊಂದೇ ಕಾರಣವಲ್ಲ. ಕುಡಿಯುವ ಗೆಳೆಯರ ಜಾಗದಲ್ಲಿ ಕುಡಿಯದ ಗೆಳೆಯರು ಬರುವುದು ದೊಡ್ಡ ಕಾರಣವೆಂದು ಸಂಶೋಧಕರು ಹೇಳುತ್ತಾರೆ.

ಭಕ್ತರಲ್ಲಿ ವಿನಂತಿ

ಮೊದಲನೆಯದಾಗಿ, ಬಹುಕಾಲ ನಿತ್ಯ ಕುಡಿಯುತ್ತಿದ್ದವರನ್ನು ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸಬಾರದು. ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಉಪಚಾರ ಮೊದಲು, ಕೂಟವಾಗಲಿ ಶಿಬಿರವಾಗಲಿ ಅನಂತರ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಉಚಿತವಾಗಿ ದೊರೆಯುತ್ತವೆ.

ಎರಡನೆಯದಾಗಿ, ಸಭೆಯ ಬಗ್ಗೆ ಸಂಶಯವಿದ್ದರೆ ಸಾರ್ವಜನಿಕರಿಗೆ ಮುಕ್ತವಾದ ಸಭೆ ಯಾವುದೆಂದು ಕೇಳಿ, ಮನೆಯವರೂ ಒಮ್ಮೆ ಹೋಗಿ ನೋಡಬಹುದು. ಮತ ಬದಲಿಸಲು ಯಾರಾದರೂ ಒತ್ತಾಯಿಸಿದರೆ ಅದು ಆ ಕೂಟದ ನಿಯಮಕ್ಕೇ ವಿರುದ್ಧ. ಅಂತಹ ಕಡೆಯಿಂದ ಎದ್ದು ಬರಬಹುದು. ಮನೆಯವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವೂ ಇದೆ. ನೊಂದ ತಾಯಂದಿರು, ಸೊಸೆಯಂದಿರು ಅದರ ಪ್ರಯೋಜನ ಪಡೆಯಬಹುದು.

ಮೂರನೆಯದು ಗ್ರಾಮದ ಹಿರಿಯರಿಗೆ. ಮದ್ಯ ಬಿಟ್ಟವನು ಮತ್ತೆ ಜಾರಿದಾಗ ಕಟ್ಟೆಯ ಮೇಲೆ ಕುಳಿತು ನಗಬೇಡಿ. ಅನೇಕರು ಒಂದೆರಡು ಬಾರಿ ಜಾರಿಯೇ ನಿಲ್ಲುತ್ತಾರೆ. ಊರಿನ ಸಮುದಾಯ ಭವನದ ಒಂದು ಕೊಠಡಿಯನ್ನು ವಾರಕ್ಕೊಂದು ಸಂಜೆ ಇಂತಹ ಕೂಟಕ್ಕೆ ಬಿಟ್ಟುಕೊಡಿ. ಸ್ವಾವಲಂಬನೆಯ ನಿಯಮದಂತೆ ಅವರು ಅಲ್ಪ ಬಾಡಿಗೆ ಕೊಡಲು ಬಂದರೆ ಸ್ವೀಕರಿಸಿ. ಒಳಗೆ ಯಾರು ಬಂದರು, ಏನು ಮಾತಾಡಿದರು ಎಂದು ಮಾತ್ರ ಕೇಳಬೇಡಿ. ಊರಿನಲ್ಲಿಯೇ ಸ್ಥಳ ಸಿಕ್ಕರೆ, ಚರ್ಚಿನ ಕಟ್ಟಡವೆಂಬ ಕಾರಣಕ್ಕೆ ಹಿಂಜರಿಯುತ್ತಿದ್ದ ತಾಯಿ ತನ್ನ ಮಗನನ್ನು ಅಲ್ಲಿಗೆ ನಿಶ್ಚಿಂತೆಯಿಂದ ಕಳುಹಿಸಿಯಾಳು.